ಎದ್ದು ನಿಂತು ಹಾಕಿದ ಓಟು: ಐಯೋವಾ ಕಾಕಸ್‌ನ ಒಂದು ಸಂಜೆ

ನಮ್ಮೂರಲ್ಲಿ ಓಟು ಹಾಕಿ ಬಂದವರನ್ನು "ಯಾರಿಗೆ ಹಾಕಿದ್ರಿ?" ಅಂತ ಕೇಳಿದರೆ ಹೆಚ್ಚಿನವರು ನಕ್ಕು ಮಾತು ತಿರುಗಿಸುತ್ತಾರೆ. ಬೆರಳಿನ ಶಾಯಿ ತೋರಿಸುತ್ತಾರೆ, ಹೆಸರು ಬಾಯಿಬಿಡುವುದಿಲ್ಲ. ಹಾಸನದ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಓಟು ಅಂದರೆ ಗುಟ್ಟು. ಅಪ್ಪ ಯಾರಿಗೆ ಹಾಕುತ್ತಿದ್ದರು ಅನ್ನುವುದು ಅಮ್ಮನಿಗೂ ಪೂರ್ತಿ ಗೊತ್ತಿರಲಿಲ್ಲ. ಹಾಗಾಗಿ ಅಮೆರಿಕದ ಐಯೋವಾ ರಾಜ್ಯದಲ್ಲಿ ನನ್ನ ಓಟನ್ನು ನೆರೆಹೊರೆಯವರ ಕಣ್ಣೆದುರೇ ಹಾಕಬೇಕು, ಕೇಳಿದರೆ ಕಾರಣವನ್ನೂ ಹೇಳಬೇಕು ಅಂತ ಗೊತ್ತಾದಾಗ ಒಂದಿಷ್ಟು ಅಳುಕಿತ್ತು. 2020ರ ಫೆಬ್ರವರಿ 3ರ ಸಂಜೆ ಆ ಅಳುಕು ಹೋಯಿತು. ಜನ ತಮ್ಮ ಆಯ್ಕೆಗೆ ಕೊಟ್ಟ ಕಾರಣಗಳನ್ನು ಇವತ್ತಿಗೂ ಮರೆತಿಲ್ಲ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಅಧ್ಯಕ್ಷರ ಚುನಾವಣೆ ನಡೆಯುವುದು ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಪ್ರತಿ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸಬೇಕು. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಇಲ್ಲಿ ಆ ಕೆಲಸ ಜನರದ್ದು. ಹೆಚ್ಚಿನ ರಾಜ್ಯಗಳಲ್ಲಿ ಪ್ರೈಮರಿ ನಡೆಯುತ್ತದೆ. ಬೂತಿಗೆ ಹೋಗಿ ಗುಟ್ಟಾಗಿ ಓಟು ಹಾಕಿ ಬರಬಹುದು. ಐಯೋವಾದಲ್ಲಿ ಇದ್ದದ್ದು ಕಾಕಸ್, ಅಂದರೆ ಬಡಾವಣೆಯವರೆಲ್ಲ ಒಂದೆಡೆ ಸೇರಿ ನಡೆಸುವ ಪಕ್ಷದ ಸಭೆ. ರಿಪಬ್ಲಿಕನ್ನರು ತಮ್ಮ ಕಾಕಸ್‌ನಲ್ಲಿ ಚೀಟಿ ಬರೆದು ಹಾಕುತ್ತಾರೆ. ಡೆಮಾಕ್ರಟರು ಮಾತ್ರ ತಮ್ಮ ಅಭ್ಯರ್ಥಿಯ ಗುಂಪಿಗೆ ಹೋಗಿ ನಿಲ್ಲಬೇಕಿತ್ತು.

ಇಡೀ ದೇಶದಲ್ಲಿ ಮೊದಲ ಸರದಿ ಐಯೋವಾದ್ದೇ ಯಾಕೆ ಅಂತ ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದರು. 1968ರಲ್ಲಿ ಶಿಕಾಗೊದಲ್ಲಿ ನಡೆದ ಡೆಮಾಕ್ರಟಿಕ್ ಸಮಾವೇಶ ದೊಡ್ಡ ಗಲಾಟೆಯಲ್ಲಿ ಮುಗಿಯಿತು. ಅಭ್ಯರ್ಥಿಯನ್ನು ಮುಖಂಡರೇ ಒಳಗೊಳಗೇ ಆರಿಸಿದರು ಅನ್ನುವ ಸಿಟ್ಟು ಜನರಲ್ಲಿತ್ತು. ಆಮೇಲೆ ಪಕ್ಷ ನಿಯಮ ಬದಲಿಸಿತು. ಐಯೋವಾದಲ್ಲಿ ಬಡಾವಣೆ, ಕೌಂಟಿ (ನಮ್ಮ ತಾಲ್ಲೂಕಿನ ಹಾಗೆ), ಸಂಸತ್ ಕ್ಷೇತ್ರ, ರಾಜ್ಯ ಅಂತ ನಾಲ್ಕು ಹಂತದ ಸಭೆಗಳು ನಡೆಯಬೇಕು. ನಡುವೆ ಸಾಕಷ್ಟು ದಿನ ಬಿಡಬೇಕಾದ್ದರಿಂದ 1972ರಲ್ಲಿ ಮೊದಲ ಹಂತವನ್ನು ಜನವರಿಗೆ ಎಳೆದರು. ಆ ವರ್ಷ ಯಾರೂ ಅಷ್ಟು ಗಮನಿಸಲಿಲ್ಲ. 1976ರಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಜಿಮ್ಮಿ ಕಾರ್ಟರ್ ಇಲ್ಲಿ ಚೆನ್ನಾಗಿ ಮಾಡಿ, ಮುಂದೆ ಅಧ್ಯಕ್ಷರೇ ಆದರು. ಅಲ್ಲಿಂದ ಮುಂದೆ ಅಧ್ಯಕ್ಷರಾಗುವ ಆಸೆ ಇದ್ದವರು ಜೋಳದ ಹೊಲಗಳ ಈ ರಾಜ್ಯಕ್ಕೆ ಬರುವುದು ವಾಡಿಕೆಯಾಯಿತು. 2008ರಲ್ಲಿ ಒಬಾಮ ಗೆಲುವಿನ ಓಟ ಶುರುವಾದದ್ದೂ ಇಲ್ಲಿಂದಲೇ.

ನನಗೆ ಪೌರತ್ವ ಸಿಕ್ಕಿದ್ದು 2018ರಲ್ಲಿ. ಪ್ರಮಾಣವಚನ ಮುಗಿಸಿ ಹೊರಗೆ ಬಂದರೆ ಬಾಗಿಲಲ್ಲೇ ಸ್ವಯಂಸೇವಕರು ಮತದಾರರ ನೋಂದಣಿ ಅರ್ಜಿ ಹಿಡಿದು ನಿಂತಿದ್ದರು. ಆ ಅರ್ಜಿಯಲ್ಲಿ ನಿಮ್ಮ ಪಕ್ಷ ಯಾವುದು ಅಂತ ಒಂದು ಪ್ರಶ್ನೆ ಇರುತ್ತದೆ. ನಾನು ಯಾವ ಪಕ್ಷವೂ ಇಲ್ಲ ಅಂತ ಗುರುತು ಹಾಕಿದ್ದೆ. ಎಚ್-1ಬಿ ವೀಸಾದಲ್ಲಿ, ಆಮೇಲೆ ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ತಲೆ ತಗ್ಗಿಸಿ ಬದುಕಿದವರಿಗೆ ರಾಜಕೀಯದ ಮಾತು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಮನೆ, ಮಗುವಿನ ಶಾಲೆ, ಆರೋಗ್ಯ ವಿಮೆ ಎಲ್ಲವೂ ಹೋಗುತ್ತದೆ. ಆ ಭಯ ಪಾಸ್‌ಪೋರ್ಟ್ ಬದಲಾದ ದಿನವೇ ಹೋಗುವಂಥದ್ದಲ್ಲ. ಡೆಮಾಕ್ರಟರ ಕಾಕಸ್‌ಗೆ ಹೋಗಬೇಕಾದರೆ ಡೆಮಾಕ್ರಟ್ ಅಂತ ನೋಂದಾಯಿಸಿಕೊಳ್ಳಲೇಬೇಕು. ಅದನ್ನು ಅದೇ ಸಂಜೆ ಬಾಗಿಲಲ್ಲೇ ಮಾಡಬಹುದು ಅನ್ನುವುದು ಒಳ್ಳೆಯ ವ್ಯವಸ್ಥೆ. ನಾನೂ ಹಾಗೇ ಮಾಡಿದೆ.

ಆ ಚಳಿಗಾಲ ಐಯೋವಾದ ರಾಜಧಾನಿ ಡೆ ಮೊಯಿನ್‌ನಲ್ಲಿ ಯಾವ ಕಾಫಿ ಅಂಗಡಿಗೆ ಹೋದರೂ ಯಾವುದೋ ಒಂದು ಪ್ರಚಾರದ ಹುಡುಗರು ಸಿಗುತ್ತಿದ್ದರು. ಕಣದಲ್ಲಿದ್ದ ಎಲಿಜಬೆತ್ ವಾರನ್ ಸಭೆ ಮುಗಿದ ಮೇಲೆ ಗಂಟೆಗಟ್ಟಲೆ ನಿಂತು ಎಲ್ಲರ ಜೊತೆ ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು. ಆಂಡ್ರ್ಯೂ ಯಾಂಗ್ ಪ್ರತಿ ವಯಸ್ಕರಿಗೂ ತಿಂಗಳಿಗೆ 1,000 ಡಾಲರ್ ಕೊಡಬೇಕು ಅನ್ನುತ್ತಿದ್ದರು. ಏಮಿ ಕ್ಲೋಬುಶರ್ ಪಕ್ಕದ ಮಿನೆಸೋಟದ ಸೆನೆಟರ್. ಐಯೋವಾದ 99 ಕೌಂಟಿಗಳನ್ನೂ ಸುತ್ತಿ ಬಂದಿದ್ದರು. ಪೀಟ್ ಬುಟಿಜಜ್‌ಗೆ ಆಗ 38 ವರ್ಷ. ಇಂಡಿಯಾನಾದ ಸೌತ್ ಬೆಂಡ್ ಅನ್ನುವ ಊರಿಗೆ ಮೇಯರ್ ಆಗಿದ್ದವರು. ಕೊನೆಯ ಎರಡು ವಾರ ಸೆನೆಟರುಗಳಾದ ಬರ್ನಿ ಸ್ಯಾಂಡರ್ಸ್, ವಾರನ್, ಕ್ಲೋಬುಶರ್ ಮೂವರೂ ವಾಷಿಂಗ್ಟನ್‌ನಲ್ಲಿ ಸಿಕ್ಕಿಕೊಂಡಿದ್ದರು. ಟ್ರಂಪ್ ಮೇಲಿನ ಮಹಾಭಿಯೋಗದ ವಿಚಾರಣೆಗೆ ಸೆನೆಟರುಗಳೇ ತೀರ್ಪುಗಾರರು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಇಲ್ಲಿನ ಭಾರತೀಯರು ಸೇರುವುದು ಮ್ಯಾಡ್ರಿಡ್ ಅನ್ನುವ ಪುಟ್ಟ ಊರಿನ ದೇವಸ್ಥಾನದಲ್ಲಿ. ಆ ಜನವರಿಯಲ್ಲಿ ಅಲ್ಲಿ ಊಟದ ಸಾಲಿನಲ್ಲೂ ಇದೇ ಮಾತು. ನಮ್ಮವರ ಲೆಕ್ಕವೇ ಬೇರೆ. ಕೆಲಸದ ಮೇಲೆ ಸಿಗುವ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೂ ವರ್ಷಕ್ಕೆ ಶೇ. 7ರ ಮಿತಿ ಇದೆ. ಅದನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365-65ರಿಂದ ಪಾಸಾಗಿ ಸೆನೆಟ್‌ನಲ್ಲಿ ಕೂತಿತ್ತು. ಸೆನೆಟ್‌ನಲ್ಲಿ ಆ ಮಸೂದೆ ತಂದವರಲ್ಲಿ ಕಮಲಾ ಹ್ಯಾರಿಸ್ ಒಬ್ಬರು. ಅವರು ಕಣದಲ್ಲಿ ಇದ್ದಿದ್ದರೆ ನಮ್ಮವರಲ್ಲಿ ಸುಮಾರು ಜನ ಅವರ ಜೊತೆ ನಿಲ್ಲುತ್ತಿದ್ದರೋ ಏನೋ. ಆದರೆ ಡಿಸೆಂಬರ್ 3ರಂದೇ ಅವರು ಹಿಂದೆ ಸರಿದಿದ್ದರು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಮೈಸೂರಿನ ಗೆಳೆಯರೊಬ್ಬರು "ನಮಗೆ ತೆರಿಗೆ ಉಂಟು, ಓಟಿಲ್ಲ" ಅಂದರು. ಅವರ ಮಕ್ಕಳು ಇಲ್ಲೇ ಹುಟ್ಟಿದವರು. ಆ ಗೆಳೆಯರಿಗೆ ಮಾತ್ರ ಇನ್ನೂ ಗ್ರೀನ್ ಕಾರ್ಡ್ ಬಂದಿರಲಿಲ್ಲ. ಕಾಕಸ್‌ಗೆ ವೀಕ್ಷಕರಾಗಿ ಯಾರು ಬೇಕಾದರೂ ಬರಬಹುದು ಅಂತ ತಿಳಿದು ಅವರೂ ನನ್ನ ಜೊತೆ ಹೊರಟರು.

ನನ್ನ ಆಯ್ಕೆ ಕ್ಲೋಬುಶರ್. ಅದಕ್ಕೆ ಕಾರಣ ಅವರ ಭಾಷಣವಲ್ಲ. 1995ರಲ್ಲಿ ಅವರಿಗೆ ಮಗಳು ಹುಟ್ಟಿದಾಗ ಮಗುವಿಗೆ ನುಂಗಲು ಆಗುತ್ತಿರಲಿಲ್ಲ. ಹಾಗಿದ್ದರೂ ತಾಯಿಯನ್ನು 24 ಗಂಟೆಯಲ್ಲೇ ಆಸ್ಪತ್ರೆಯಿಂದ ಕಳಿಸಿಬಿಟ್ಟರು. ವಿಮೆಯವರ ನಿಯಮ ಅಷ್ಟೇ ಇತ್ತು. ಆಗಿನ್ನೂ ಅವರು ಯಾವ ಹುದ್ದೆಯಲ್ಲೂ ಇರಲಿಲ್ಲ. ಮಿನೆಸೋಟದ ಶಾಸಕರ ಬೆನ್ನು ಬಿದ್ದು, ಬಾಣಂತಿಗೆ 48 ಗಂಟೆ ಆಸ್ಪತ್ರೆಯಲ್ಲಿ ಇರುವ ಹಕ್ಕು ಕೊಡುವ ಕಾನೂನು ಬರುವ ಹಾಗೆ ಮಾಡಿದರು. ನನ್ನ ಬಾಣಂತನವೂ ಈ ದೇಶದಲ್ಲೇ ಆಯಿತು. ಅಮ್ಮನಿಗೆ ವೀಸಾ ಸಿಗಲಿಲ್ಲ. ಎರಡನೇ ದಿನ ರಾತ್ರಿ ಮಗುವಿಗೆ ಜ್ವರ ಬಂದಾಗ ಪಕ್ಕದಲ್ಲಿ ನರ್ಸ್ ಇದ್ದದ್ದು ಎಷ್ಟು ದೊಡ್ಡ ಧೈರ್ಯ ಅಂತ ನನಗೆ ಗೊತ್ತು. ತನ್ನ ಸಂಕಟವನ್ನು ಎಲ್ಲ ತಾಯಂದಿರಿಗೂ ಆಗುವ ಕಾನೂನು ಮಾಡಿಸಿದ ಹೆಂಗಸು ಅಧ್ಯಕ್ಷರಾಗಲಿ ಅನ್ನಿಸಿತು. ನನಗೆ ಅಷ್ಟೇ ಸಾಕಿತ್ತು.

ಸಭೆ ಏಳು ಗಂಟೆಗೆ, ಮಕ್ಕಳ ಶಾಲೆಯ ಊಟದ ಹಾಲ್‌ನಲ್ಲಿ. ಆರೂವರೆಗೆ ಹೋದರೆ ಆಗಲೇ ಸಾಲು ಬಾಗಿಲಾಚೆ ಬಂದಿತ್ತು. ಹಿಂದಿನ ದಿನವಷ್ಟೇ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿ ಗೆದ್ದಿತ್ತು. ಸಾಲಿನಲ್ಲಿ ಅರ್ಧ ಜನ ಅದನ್ನೇ ಮಾತಾಡುತ್ತಿದ್ದರು. ಒಳಗೆ ಗೋಡೆಗೆ ಮಕ್ಕಳು ಬಿಡಿಸಿದ ಚಿತ್ರಗಳು, ಅವುಗಳ ಪಕ್ಕದಲ್ಲೇ ಅಭ್ಯರ್ಥಿಗಳ ಪೋಸ್ಟರ್‌ಗಳು. ಪ್ರತಿ ಗುಂಪಿಗೂ ಒಂದು ಮೂಲೆ. ಆರು ವರ್ಷದ ಮಕ್ಕಳು ಕೂರುವ ಬೆಂಚುಗಳ ಮೇಲೆ ಎಪ್ಪತ್ತು ದಾಟಿದವರು ಮಂಡಿ ಮಡಚಿ ಕೂತಿದ್ದರು.

ಬಾಗಿಲಲ್ಲಿ ಕೈಗೊಂದು ದಪ್ಪ ಕಾರ್ಡ್ ಕೊಟ್ಟರು. ಒಂದು ಬದಿಯಲ್ಲಿ ದೊಡ್ಡದಾಗಿ 1, ಇನ್ನೊಂದು ಬದಿಯಲ್ಲಿ 2. ಮೊದಲ ಸುತ್ತಿನಲ್ಲಿ ಯಾರ ಜೊತೆ ನಿಂತೆವೋ ಅವರ ಹೆಸರನ್ನು ಮೊದಲ ಬದಿಯಲ್ಲಿ ಬರೆದು ಸಹಿ ಹಾಕಬೇಕು. ಗುಂಪು ಉಳಿಯದೆ ಬೇರೆ ಕಡೆ ಹೋಗಬೇಕಾಗಿ ಬಂದರೆ ಎರಡನೇ ಬದಿ ತುಂಬಬೇಕು. ಈ ಕಾರ್ಡ್ 2020ರಲ್ಲಿ ಹೊಸದಾಗಿ ಬಂದದ್ದು. ಅದಕ್ಕೂ ಮೊದಲು ತಲೆ ಎಣಿಸಿದರೆ ಮುಗಿಯಿತು, ಕಾಗದದ ಸಾಕ್ಷಿ ಇರುತ್ತಿರಲಿಲ್ಲ. ಅಂದು ಆ ಕಾರ್ಡನ್ನು ಯಾರೂ ಅಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದೆ ಅದೇ ಎಲ್ಲರನ್ನೂ ಕಾಪಾಡಿತು.

ಮೊದಲಿಗೆ ಸಭೆಗೆ ಅಧ್ಯಕ್ಷರ ಆಯ್ಕೆ, ಪಕ್ಷದ ಮುಖಂಡರ ಪತ್ರ ಓದುವುದು, ಒಂದು ಲಕೋಟೆಯಲ್ಲಿ ಚಂದಾ ಎತ್ತುವುದು ಎಲ್ಲ ಆಯಿತು. ಆಮೇಲೆ ನಿಯಮ ಓದಿ ಹೇಳಿದರು. ನಮ್ಮಂಥ ದೊಡ್ಡ ಬಡಾವಣೆಯಲ್ಲಿ ಬಂದವರ ಶೇ. 15ರಷ್ಟು ಜನ ಇದ್ದರೆ ಮಾತ್ರ ಗುಂಪು ಉಳಿಯುತ್ತದೆ. 200 ಜನ ಬಂದಿದ್ದರೆ ಗುಂಪಿಗೆ 30 ಜನ ಬೇಕು. 29 ಇದ್ದರೂ ಗುಂಪು ಬಿದ್ದಹಾಗೆ. ಬಿದ್ದ ಗುಂಪಿನವರು ಇನ್ನೊಂದು ಗುಂಪು ಸೇರಬಹುದು, ಇಲ್ಲವೇ ಬಿದ್ದ ಇನ್ನೊಂದು ಗುಂಪಿನವರನ್ನು ತಮ್ಮ ಕಡೆ ಕರೆದು ಸಂಖ್ಯೆ ತುಂಬಿಸಿಕೊಳ್ಳಬಹುದು. ಉಳಿದ ಗುಂಪಿನವರು ಮಾತ್ರ ಕದಲುವಂತಿಲ್ಲ.

"ನಿಮ್ಮ ನಿಮ್ಮ ಮೂಲೆಗೆ ಹೋಗಿ" ಅಂದರು. ಇಡೀ ಹಾಲ್ ಎದ್ದಿತು.

ಆ ಕ್ಷಣ ನನಗೆ ಎದೆ ಜೋರಾಗಿ ಹೊಡೆದುಕೊಂಡಿತು. ಎದುರು ಮನೆಯವರು ಬೈಡನ್ ಕಡೆ ಹೊರಟರು. ಮಗನಿಗೆ ಈಜು ಕಲಿಸುವ ಹುಡುಗಿ ಸ್ಯಾಂಡರ್ಸ್ ಕಡೆ. ಹಾಲ್‌ನ ಈ ತುದಿಯಿಂದ ಆ ತುದಿಗೆ ನಡೆದು ಹೋಗುವಾಗ ಎಲ್ಲರೂ ನೋಡುತ್ತಾರೆ. ಮೈಸೂರಿನ ಗೆಳೆಯರು ಗೋಡೆ ಬದಿಯ ವೀಕ್ಷಕರ ಕುರ್ಚಿಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನಾನು ಹಸಿರು ಪೋಸ್ಟರ್ ಹಿಡಿದಿದ್ದ ನಿವೃತ್ತ ಟೀಚರ್ ಪಕ್ಕ ಹೋಗಿ ನಿಂತೆ. ಅವರು ನನ್ನ ಹೆಸರು ಕೇಳಿ, ಸರಿಯಾಗಿ ಹೇಳುವವರೆಗೂ ಬಿಡದೆ ನಾಲ್ಕೈದು ಸಲ ಹೇಳಿನೋಡಿದರು.

ಎಣಿಕೆಗೆ ಯಂತ್ರ ಇಲ್ಲ. ಪ್ರತಿಯೊಬ್ಬರೂ ಕೈ ಎತ್ತಿ ಗಟ್ಟಿಯಾಗಿ ತಮ್ಮ ಸಂಖ್ಯೆ ಹೇಳುತ್ತಾ ಹೋಗಬೇಕು. ಒಂದು, ಎರಡು, ಮೂರು ಅಂತ ಸಾಲು ಸಾಗಿ ನನ್ನ ಹತ್ತಿರ ಬಂತು. ನಾನೂ ಕೈ ಎತ್ತಿ ನನ್ನ ಸಂಖ್ಯೆ ಕೂಗಿದೆ. ಈ ದೇಶದಲ್ಲಿ ನಾನು ಇಷ್ಟು ಗಟ್ಟಿಯಾಗಿ ದನಿ ಎತ್ತಿದ್ದು ಅದೇ ಮೊದಲು ಇರಬೇಕು.

ಸ್ಯಾಂಡರ್ಸ್, ಬುಟಿಜಜ್, ವಾರನ್ ಗುಂಪುಗಳು ಸುಲಭವಾಗಿ ಗೆರೆ ದಾಟಿದವು. ನಮಗೆ ಬೆರಳೆಣಿಕೆಯಷ್ಟು ಜನ ಕಡಿಮೆ. ಬೈಡನ್ ಗುಂಪೂ ಬಿತ್ತು. ಎಂಟು ವರ್ಷ ಉಪಾಧ್ಯಕ್ಷರಾಗಿದ್ದವರ ಗುಂಪು ಬಿದ್ದದ್ದಕ್ಕೆ ಹಾಲ್‌ನಲ್ಲಿ ಒಂದು ಗುಸುಗುಸು ಎದ್ದಿತು. ಯಾಂಗ್ ಜೊತೆ ಇದ್ದವರು ಬೆರಳಲ್ಲಿ ಎಣಿಸುವಷ್ಟು ಜನ, ಹೆಚ್ಚಿನವರು ಹುಡುಗರು.

ಸಂಜೆಯ ನಿಜವಾದ ಭಾಗ ಶುರುವಾದದ್ದು ಇಲ್ಲಿ. ಬಿದ್ದವರನ್ನು ಎಲ್ಲರೂ ಬಂದು ಮಾತಾಡಿಸುತ್ತಾರೆ. ಸಂತೆಯ ಹಾಗೆ ಕೂಗಾಟ ಇರುತ್ತದೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಇಬ್ಬಿಬ್ಬರು, ಮೂವರು ನಿಂತು ಮೆಲುದನಿಯಲ್ಲಿ ಮಾತು. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಿಮಗೆ ಇವರು ಯಾಕೆ?

ಸ್ಯಾಂಡರ್ಸ್ ಕಡೆಯಿಂದ ಬಂದವನಿಗೆ ಇನ್ನೂ ಹದಿನೇಳು ವರ್ಷ. ನವೆಂಬರ್ ಚುನಾವಣೆಯ ಹೊತ್ತಿಗೆ ಹದಿನೆಂಟು ತುಂಬುವವರು ಕಾಕಸ್‌ನಲ್ಲಿ ಭಾಗವಹಿಸಬಹುದು. ಅವನು ಭಾಷಣ ಮಾಡಲಿಲ್ಲ. ಅಣ್ಣ ಕಾಲೇಜು ಸಾಲ ತೀರಿಸಲು ಎರಡು ಕಡೆ ಕೆಲಸ ಮಾಡುತ್ತಾನೆ, ನಾನು ಕಾಲೇಜಿಗೆ ಹೋಗಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೇನೆ ಅಂದ. ವಾರನ್ ಕಡೆಯಿಂದ ಬಂದ ನರ್ಸ್‌ಗೆ ಪುಟ್ಟ ಮಕ್ಕಳಿಬ್ಬರು. ಸಂಬಳದಲ್ಲಿ ದೊಡ್ಡ ಪಾಲು ಮಕ್ಕಳ ಡೇಕೇರ್‌ಗೇ ಹೋಗುತ್ತದೆ ಅಂದರು. 5 ಕೋಟಿ ಡಾಲರ್‌ಗಿಂತ ಜಾಸ್ತಿ ಆಸ್ತಿ ಇರುವವರ ಮೇಲೆ ತೆರಿಗೆ ಹಾಕಿ ಆ ಹಣದಲ್ಲಿ ಎಲ್ಲ ಮಕ್ಕಳಿಗೂ ಡೇಕೇರ್ ಅನ್ನುವುದು ವಾರನ್ ಯೋಜನೆ. ಅದರ ವಿವರ ಇಷ್ಟು ಚೆನ್ನಾಗಿ ಹೇಳಿದವರನ್ನು ನಾನು ಟಿವಿಯಲ್ಲೂ ಕಂಡಿರಲಿಲ್ಲ. ಅವರ ಗಂಡನಿಗೆ ಅಂದು ರಾತ್ರಿ ಪಾಳಿ. ಹಾಗಾಗಿ ಅವರ ಮನೆಯಿಂದ ಒಂದೇ ಓಟು.

ಬುಟಿಜಜ್ ಕಡೆಯಿಂದ ಚರ್ಚ್‌ನಲ್ಲಿ ಹಾಡುವ ಹೆಂಗಸೊಬ್ಬರು ಬಂದರು. ಅವರ ಮಗ ಸೈನ್ಯದಲ್ಲಿದ್ದಾನೆ. ಬುಟಿಜಜ್ 2014ರಲ್ಲಿ ಅಫ್ಘಾನಿಸ್ತಾನದಲ್ಲಿ ಕೆಲಸ ಮಾಡಿ ಬಂದವರು. ಮಕ್ಕಳನ್ನು ಯುದ್ಧಕ್ಕೆ ಕಳಿಸುವ ಆಜ್ಞೆಗೆ ಸಹಿ ಹಾಕುವವನು ಅಲ್ಲಿ ಹೋಗಿ ಬಂದವನಾಗಿರಬೇಕು ಅಂದರು. ಬುಟಿಜಜ್ ಗಂಡಸನ್ನೇ ಮದುವೆಯಾದವರಲ್ಲವಾ, ನಿಮ್ಮ ಚರ್ಚ್‌ನಲ್ಲಿ ಏನನ್ನುತ್ತಾರೆ ಅಂತ ಪಕ್ಕದವರು ಕೇಳಿದರು. "ನಾನು ಅವರ ಮದುವೆಗೆ ಓಟು ಹಾಕುತ್ತಿಲ್ಲ" ಅಂತ ತಣ್ಣಗೆ ಹೇಳಿ ಮುಂದಿನವರ ಹತ್ತಿರ ಹೋದರು. ಆ ಪ್ರಶ್ನೆ ಅವರಿಗೆ ಹೊಸದಲ್ಲ ಅಂತ ಆ ದನಿಯಲ್ಲೇ ಗೊತ್ತಾಯಿತು.

ಆದರೆ ಎಲ್ಲರ ಕಾರಣವೂ ಹೀಗೆ ತಮ್ಮ ಬದುಕಿನಿಂದ ಬಂದದ್ದಾಗಿರಲಿಲ್ಲ. ಆ ಸಂಜೆ ನಾನು ಅತಿ ಹೆಚ್ಚು ಕೇಳಿದ ಮಾತು "ಟ್ರಂಪ್ ಅನ್ನು ಇವರು ಸೋಲಿಸಬಲ್ಲರು" ಅನ್ನುವುದು. ಪ್ರತಿ ಗುಂಪಿನವರೂ ಅದನ್ನೇ ಹೇಳುತ್ತಿದ್ದರು, ತಮ್ಮ ಅಭ್ಯರ್ಥಿಯ ಬಗ್ಗೆ. ವಾರನ್ ಇಷ್ಟ, ಆದರೆ ಪೆನ್ಸಿಲ್ವೇನಿಯಾದವರು ಹೆಂಗಸಿಗೆ ಓಟು ಹಾಕುತ್ತಾರೋ ಇಲ್ಲವೋ ಅಂತ ಒಬ್ಬರು. ಸ್ಯಾಂಡರ್ಸ್ ಹೇಳುವುದೆಲ್ಲ ನಿಜ, ಆದರೆ ವಿಸ್ಕಾನ್ಸಿನ್‌ನವರು ಹೆದರುತ್ತಾರೆ ಅಂತ ಇನ್ನೊಬ್ಬರು. ತಮಗೆ ಯಾರು ಬೇಕು ಅನ್ನುವುದನ್ನು ಬದಿಗಿಟ್ಟು, ಎಂದೂ ಕಾಣದ ಊರಿನ ಜನರ ಮನಸ್ಸನ್ನು ಊಹಿಸಿ ಓಟು ಹಾಕುತ್ತಿದ್ದರು. ನನಗೆ ಅದು ಸರಿ ಕಾಣಲಿಲ್ಲ. ಗೆಲ್ಲಬೇಕು ಅನ್ನುವ ಆಸೆ ಅರ್ಥವಾಗುತ್ತದೆ. 2016ರ ಸೋಲು ಅವರನ್ನು ಅಷ್ಟು ನೋಯಿಸಿತ್ತು. ಆದರೆ ಮೊದಲ ಸುತ್ತಿನಲ್ಲೇ ಬೇರೆಯವರ ಪರವಾಗಿ ಹೆದರಿಬಿಟ್ಟರೆ ನಮ್ಮ ಮಾತನ್ನು ಹೇಳುವುದು ಯಾವಾಗ?

ಇದನ್ನೇ ಬೈಡನ್ ಗುಂಪಿನ ಹಿರಿಯರೊಬ್ಬರ ಹತ್ತಿರ ಹೇಳಿದೆ. ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನೀವೂ ಗೆಲ್ಲುವ ಲೆಕ್ಕದಿಂದಲೇ ಬೈಡನ್ ಜೊತೆ ನಿಂತಿರಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜೇಬಿನಿಂದ ಪರ್ಸ್ ತೆಗೆದು ಒಂದು ಫೋಟೊ ತೋರಿಸಿದರು. ಅವರ ಮಗ. ಕ್ಯಾನ್ಸರ್‌ನಿಂದ ಹೋದನಂತೆ. ಬೈಡನ್ ಮಗ ಬೋ 2015ರಲ್ಲಿ ಮಿದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ಒಂದು ಸಭೆಯಲ್ಲಿ ಇವರು ಬೈಡನ್ ಕೈ ಕುಲುಕುವಾಗ ಮಗನ ವಿಷಯ ಹೇಳಿದರಂತೆ. ಬೈಡನ್ ಕೈ ಬಿಡದೆ ಹಾಗೇ ನಿಂತರು, ಹಿಂದಿನವರು ಕಾಯುತ್ತಿದ್ದರೂ ಕದಲಲಿಲ್ಲ ಅಂದರು. "ನನಗೆ ಎರಡನೇ ಆಯ್ಕೆ ಇಲ್ಲ" ಅಂದವರೇ ಕೋಟು ಹಾಕಿಕೊಂಡರು. ಕಾರ್ಡಿನ ಎರಡನೇ ಬದಿ ಖಾಲಿ ಬಿಟ್ಟು ಕೊಟ್ಟು ಮನೆಗೆ ಹೊರಟುಹೋದರು. ಹಾಗೆ ಹೋಗಲು ನಿಯಮದಲ್ಲಿ ಅವಕಾಶವಿದೆ. ಅವರನ್ನು ತಡೆಯಬೇಕು ಅಂತ ನನಗೆ ಅನ್ನಿಸಲಿಲ್ಲ.

ಉಳಿದ ಬೈಡನ್ ಗುಂಪಿನವರ ಜೊತೆ ನಮ್ಮ ಟೀಚರ್ ಮಾತಿಗೆ ಇಳಿದರು. ನಾವು ಅವರ ಕಡೆ ಹೋಗಬೇಕೋ, ಅವರು ನಮ್ಮ ಕಡೆ ಬರಬೇಕೋ? ಅವರದ್ದು ಹೆಸರಿದ್ದ ನಾಯಕ, ನಮ್ಮದು ಸ್ವಲ್ಪ ದೊಡ್ಡ ಗುಂಪು. ನನ್ನನ್ನೂ ಮಾತಾಡಲು ಕರೆದರು. ನಾನು ಬಾಣಂತಿಯ 48 ಗಂಟೆಯ ಕಥೆ ಹೇಳಿದೆ. ನನ್ನ ಇಂಗ್ಲಿಷ್ ಅಂದು ಎಲ್ಲಿಯೂ ತಡೆಯಲಿಲ್ಲ. ಎದುರಿಗಿದ್ದ ಅಜ್ಜಿಯೊಬ್ಬರು "ನನ್ನ ಕಾಲದಲ್ಲಿ ಒಂದು ವಾರ ಇಟ್ಟುಕೊಳ್ಳುತ್ತಿದ್ದರು" ಅಂತ ಅಂದು ಅವರ ಹೆರಿಗೆಯ ಕಥೆ ಶುರು ಮಾಡಿದರು. ಕೊನೆಗೆ ಅವರು, ಅವರ ಜೊತೆ ಇನ್ನೂ ಕೆಲವರು ಈ ಕಡೆ ದಾಟಿದರು. ಯಾಂಗ್ ಕಡೆಯ ಇಬ್ಬರು ಹುಡುಗರೂ ಬಂದರು. ಉಳಿದವರು ಬುಟಿಜಜ್ ಕಡೆ ಹೋದರು. ಮತ್ತೆ ಎಣಿಕೆ. ಈ ಸಲ ನಮ್ಮ ಗುಂಪು ಉಳಿಯಿತು. ಟೀಚರ್ ನನ್ನನ್ನು ತಬ್ಬಿಕೊಂಡರು.

ಆಮೇಲೆ ಬಂದದ್ದು ಗಣಿತ. ಕಾಕಸ್‌ನಲ್ಲಿ ತಲೆ ಎಣಿಕೆಯೇ ಫಲಿತಾಂಶವಲ್ಲ. ಹಿಂದಿನ ಚುನಾವಣೆಗಳಲ್ಲಿ ಪಕ್ಷಕ್ಕೆ ಬಿದ್ದ ಓಟು ನೋಡಿ ಪ್ರತಿ ಬಡಾವಣೆಯಿಂದ ಮುಂದಿನ ಹಂತದ ಸಭೆಗೆ ಇಷ್ಟು ಪ್ರತಿನಿಧಿಗಳು ಅಂತ ಮೊದಲೇ ನಿಗದಿ ಮಾಡಿರುತ್ತಾರೆ. 200 ಜನರ ಸಭೆಗೆ 8 ಪ್ರತಿನಿಧಿಗಳು ಅಂತ ಇಟ್ಟುಕೊಳ್ಳಿ. 35 ಜನರ ಗುಂಪಿಗೆ 35ನ್ನು 8ರಿಂದ ಗುಣಿಸಿ 200ರಿಂದ ಭಾಗಿಸಿದರೆ 1.4 ಬರುತ್ತದೆ, ಅಂದರೆ ಒಬ್ಬ ಪ್ರತಿನಿಧಿ. 38 ಜನರ ಗುಂಪಿಗೆ 1.52, ಅಂದರೆ ಇಬ್ಬರು. ಮೂರೇ ಜನರ ಅಂತರಕ್ಕೆ ದುಪ್ಪಟ್ಟು. ಸಮ ಬಂದರೆ ನಾಣ್ಯ ಚಿಮ್ಮುತ್ತಾರೆ. ಮೈಸೂರಿನ ಗೆಳೆಯರು ಗೋಡೆ ಬದಿಯಲ್ಲಿ ಕೂತು ಫೋನಿನಲ್ಲಿ ಈ ಲೆಕ್ಕವನ್ನೆಲ್ಲ ಸಭಾಧ್ಯಕ್ಷರಿಗಿಂತ ಮೊದಲೇ ಮಾಡಿ ಮುಗಿಸಿದ್ದರು. ನಮಗೆ ಒಬ್ಬ ಪ್ರತಿನಿಧಿ ಸಿಕ್ಕರು. ಆ ಜಾಗಕ್ಕೆ ಟೀಚರ್ ಹೆಸರನ್ನೇ ಹೇಳಿದೆವು.

ಮನೆಗೆ ಬಂದು ಟಿವಿ ಹಾಕಿದರೆ ಫಲಿತಾಂಶ ಇಲ್ಲ. ಬೆಂಗಳೂರಿನಲ್ಲಿ ಆಗ ಬೆಳಿಗ್ಗೆ. ವಾಟ್ಸಾಪ್‌ನಲ್ಲಿ ಎಲ್ಲರದ್ದೂ "ಯಾರು ಗೆದ್ದರು?" ಅನ್ನುವ ಮೆಸೇಜು. ಬಡಾವಣೆಗಳಿಂದ ಅಂಕಿ ಕಳಿಸಲು ಮಾಡಿಸಿದ್ದ ಹೊಸ ಆಪ್ ಕೈಕೊಟ್ಟಿತ್ತು. ಫೋನ್ ಮಾಡಿ ತಿಳಿಸೋಣ ಅಂದರೆ ಲೈನು ಸಿಗುತ್ತಿರಲಿಲ್ಲ. ಮರುದಿನ ಸಂಜೆ ಬಂದದ್ದು ಶೇ. 62ರಷ್ಟು ಬಡಾವಣೆಗಳ ಅಂಕಿ ಮಾತ್ರ. ಪೂರ್ತಿ ಲೆಕ್ಕ ಬರಲು ದಿನಗಳೇ ಹಿಡಿದವು. ಜನ ಬರೆದ ಕಾರ್ಡುಗಳು, ಸಹಿ ಮಾಡಿದ ಹಾಳೆಗಳು ಇದ್ದದ್ದರಿಂದಲೇ ಅದೂ ಸಾಧ್ಯವಾಯಿತು. ತಲೆ ಎಣಿಕೆಯಲ್ಲಿ ಸ್ಯಾಂಡರ್ಸ್ ಮುಂದಿದ್ದರು. ಪ್ರತಿನಿಧಿಗಳ ಲೆಕ್ಕದಲ್ಲಿ ಬುಟಿಜಜ್ ಕೂದಲೆಳೆಯಷ್ಟು ಮುಂದೆ, ಶೇ. 26.2ಕ್ಕೆ 26.1. ರಾಷ್ಟ್ರ ಸಮಾವೇಶಕ್ಕೆ ಐಯೋವಾ ಕಾಕಸ್‌ನ ಲೆಕ್ಕದಲ್ಲಿ ಹಂಚಿದ 41 ಪ್ರತಿನಿಧಿಗಳಲ್ಲಿ ಬುಟಿಜಜ್‌ಗೆ 14, ಸ್ಯಾಂಡರ್ಸ್‌ಗೆ 12, ವಾರನ್‌ಗೆ 8, ಬೈಡನ್‌ಗೆ 6. ಕ್ಲೋಬುಶರ್‌ಗೆ 1.

ಮುಂದಿನದ್ದು ಎಲ್ಲರಿಗೂ ಗೊತ್ತು. ಇಲ್ಲಿ ನಾಲ್ಕನೆಯವರಾಗಿದ್ದ ಬೈಡನ್ ಫೆಬ್ರವರಿ 29ರಂದು ದಕ್ಷಿಣ ಕ್ಯಾರೊಲಿನಾದಲ್ಲಿ ದೊಡ್ಡದಾಗಿ ಗೆದ್ದರು. ಅಲ್ಲಿನ ಕಪ್ಪು ಜನ ಅವರ ಕೈ ಹಿಡಿದರು. ಬುಟಿಜಜ್, ಕ್ಲೋಬುಶರ್ ಮರುದಿನ, ಅದರ ಮರುದಿನ ಕಣ ಬಿಟ್ಟರು. ಬಹುಪಾಲು ಬಿಳಿಯರೇ ಇರುವ ಐಯೋವಾ ಮೊದಲ ಮಾತು ಆಡುವುದು ಎಷ್ಟು ಸರಿ ಅಂತ ಮೊದಲಿನಿಂದಲೂ ಕೇಳುತ್ತಿದ್ದವರ ದನಿ ಗಟ್ಟಿಯಾಯಿತು. ಆ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಹಾಲ್‌ನಲ್ಲಿ ನನ್ನ ಬಣ್ಣದವರು ಎಷ್ಟು ಜನ ಇದ್ದರು ಅಂತ ನಾನೂ ನೋಡಿದ್ದೆ. ರಾತ್ರಿ ಪಾಳಿಯವರು, ಮಗುವನ್ನು ಬಿಟ್ಟು ಬರಲಾಗದವರು, ಎರಡು ಗಂಟೆ ನಿಲ್ಲಲು ಆಗದವರು ಆ ಸಂಜೆ ಮನೆಯಲ್ಲೇ ಉಳಿದರು. ನರ್ಸ್‌ನ ಗಂಡನ ಹಾಗೆ.

2024ಕ್ಕೆ ಎಲ್ಲ ಬದಲಾಯಿತು. ಪಕ್ಷ ಮೊದಲ ಸರದಿಯನ್ನು ದಕ್ಷಿಣ ಕ್ಯಾರೊಲಿನಾಗೆ ಕೊಟ್ಟಿತು. ಐಯೋವಾದ ಡೆಮಾಕ್ರಟರಲ್ಲಿ ಕೇಳಿಕೊಂಡವರಿಗೆ ಅಂಚೆಯಲ್ಲಿ ಕಾರ್ಡ್ ಬಂತು. ಬೈಡನ್, ಡೀನ್ ಫಿಲಿಪ್ಸ್, ಮೇರಿಯನ್ ವಿಲಿಯಮ್ಸನ್, ಇಲ್ಲವೇ ಯಾರೂ ಅಲ್ಲ. ಗುರುತು ಹಾಕಿ ಅಂಚೆ ಡಬ್ಬಿಗೆ ಹಾಕಿದರೆ ಆಯಿತು. ನರ್ಸ್‌ನ ಗಂಡ ಮೊದಲ ಸಲ ಓಟು ಹಾಕಿದರು. ಅದು ಸಣ್ಣ ವಿಷಯವಲ್ಲ. ಆದರೆ ಆ ಸಲ ನನ್ನನ್ನು ಯಾರೂ ಯಾಕೆ ಅಂತ ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಕೇಳಲು ಒಂದು ಜಾಗ ಇರಲಿಲ್ಲ.

ಆ ಕೊರತೆ ಜುಲೈನಲ್ಲಿ ಇನ್ನೂ ಜಾಸ್ತಿ ಕಾಡಿತು. ಜುಲೈ 21ರಂದು ಬೈಡನ್ ಕಣದಿಂದ ಸರಿದರು. ಪ್ರೈಮರಿಗಳೆಲ್ಲ ಮುಗಿದಿದ್ದವು. ಪಕ್ಷದ ಪ್ರತಿನಿಧಿಗಳು ಆಗಸ್ಟ್ ಮೊದಲ ವಾರ ಆನ್‌ಲೈನ್‌ನಲ್ಲೇ ಓಟು ಹಾಕಿ ಕಮಲಾ ಹ್ಯಾರಿಸ್ ಅವರನ್ನು ಆರಿಸಿದರು. ನಾಲ್ಕು ವರ್ಷದ ಹಿಂದೆ ದೇವಸ್ಥಾನದ ಊಟದ ಸಾಲಿನಲ್ಲಿ ಯಾರ ಹೆಸರನ್ನು ಆಸೆಯಿಂದ ಹೇಳುತ್ತಿದ್ದೆವೋ ಅದೇ ಹೆಣ್ಣುಮಗಳು. ಖುಷಿಯಾಯಿತು. ಆದರೆ ಅವರು ಯಾಕೆ ಬೇಕು, ಯಾಕೆ ಬೇಡ ಅಂತ ಯಾವ ಬಡಾವಣೆಯ ಹಾಲ್‌ನಲ್ಲೂ ಯಾರೂ ಎದ್ದು ನಿಂತು ಹೇಳಿರಲಿಲ್ಲ. ಟೀಚರ್ ಮನೆಯ ಅಂಗಳದಲ್ಲಿ ಆ ವಾರ ನಾವೊಂದಿಷ್ಟು ಜನ ಸೇರಿ ಹಾಗೆ ಮಾತಾಡಿದೆವು, ನರ್ಸ್, ಅವರ ಗಂಡ, ಎದುರು ಮನೆಯವರು ಎಲ್ಲರೂ. ಒಬ್ಬೊಬ್ಬರೂ ತಮ್ಮ ಕಾರಣ ಹೇಳಿದರು. ಆ ಮಾತು ಯಾವ ಲೆಕ್ಕಕ್ಕೂ ಸೇರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಕತ್ತಲಾದ ಮೇಲೂ ಯಾರೂ ಏಳಲಿಲ್ಲ. ನರ್ಸ್‌ನ ಗಂಡನಿಗೇ ಹೇಳಲು ಎಲ್ಲರಿಗಿಂತ ಜಾಸ್ತಿ ಇತ್ತು.